ಅಚ್ಚಕ್ಕನ ಏಳನೇ ಸೂತ್ರ

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೀರಿ ಬೆರಳಚ್ಚು ಕಲಿಸಿದ ಹೆಂಗಸನ್ನು ಜನ ಅಚ್ಚಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಒಂದು ಕಾಲಕ್ಕೆ ಆ ಮಹಡಿಯಲ್ಲಿ ಹನ್ನೆರಡು ಟೈಪ್‌ರೈಟರುಗಳು ಬೆಳಗಿನಿಂದ ಸಂಜೆಯವರೆಗೆ ಬಡಿದುಕೊಳ್ಳುತ್ತಿದ್ದವು. ಕೆಳಗೆ ಕಣ್ಣು ಪರೀಕ್ಷೆಗೆ ಕೂತವರಿಗೆ ಗೋಡೆಯ ಮೇಲಿನ ಅಕ್ಷರಗಳು ಕುಣಿಯುತ್ತಿದ್ದುದು ಕಣ್ಣಿನ ದೋಷದಿಂದಲೋ, ಮೇಲಿನ ಸದ್ದಿನ ದೆಸೆಯಿಂದಲೋ ಎಂದು ಕನ್ನಡಕದವನಿಗೇ ಅನುಮಾನವಿತ್ತು.

ಅಚ್ಚಕ್ಕನಿಗೆ ನಲವತ್ತಾರು ವರ್ಷವಾದಾಗ ಕಲಿಯುವವರು ಬರುವುದು ನಿಂತೇಹೋಯಿತು. ಎಲ್ಲರ ಬಾಯಲ್ಲೂ ಕಂಪ್ಯೂಟರ್. ಅವಳು ಹನ್ನೆರಡು ಮೆಷಿನ್ನುಗಳಲ್ಲಿ ಹನ್ನೊಂದನ್ನು ಗುಜರಿಗೆ ಕಳಿಸಿ, ಯಾವುದೋ ಕಚೇರಿ ಬಿಸಾಕಿದ್ದ ಮೂರು ಹಳೇ ಕಂಪ್ಯೂಟರುಗಳನ್ನು ಮಹಡಿಗೆ ಹೊರಿಸಿದಳು. ತಂದದ್ದೇನೋ ಆಯಿತು, ಕಲಿಸುವವರು ಯಾರು? ಆ ವಯಸ್ಸಿನ ಹೆಂಗಸಿಗೆ ಪಾಠ ಹೇಳಲು ಯಾರೂ ಮುಂದೆ ಬರಲಿಲ್ಲ. ಗ್ರಂಥಾಲಯದಲ್ಲಿ ಒಂದೇ ಒಂದು ಪುಸ್ತಕವಿತ್ತು, ಅದರ ಮಧ್ಯದ ನಲವತ್ತು ಪುಟಗಳನ್ನು ಯಾರೋ ಪುಣ್ಯಾತ್ಮರು ಕಿತ್ತುಕೊಂಡಿದ್ದರು. ಹಳೇ ಪೇಪರಿನವನ ಅಂಗಡಿಯಲ್ಲಿ ಕಂಪ್ಯೂಟರ್ ಮಾಸಪತ್ರಿಕೆಗಳು ತೂಕಕ್ಕೆ ಸಿಗುತ್ತಿದ್ದವು. ಕೆಲವಕ್ಕೆ ಸಿ.ಡಿ. ಕೂಡ ಅಂಟಿಕೊಂಡಿರುತ್ತಿತ್ತು. ಅವನ್ನು ಬಟ್ಟೆಯಲ್ಲಿ ಒರೆಸಿ ಒಂದೊಂದಾಗಿ ಹಾಕಿ ನೋಡುವಳು. ಎಲ್ಲಕ್ಕಿಂತ ದೊಡ್ಡ ಗುರು ಎಂದರೆ ಕೀಲಿಮಣೆಯ ಮೂಲೆಯಲ್ಲಿದ್ದ ಎಫ್‌ ಒಂದು ಎಂಬ ಕೀಲಿ. ಅದನ್ನು ಒತ್ತಿದರೆ ಸಹಾಯದ ಪುಟಗಳು ತೆರೆದುಕೊಳ್ಳುತ್ತಿದ್ದವು. ಜನ ಕಾದಂಬರಿ ಓದುವ ಹಾಗೆ ಅಚ್ಚಕ್ಕ ಆ ಪುಟಗಳನ್ನು ಓದಿದಳು. ಆ ಕೀಲಿಯ ಮೇಲಿನ ಅಕ್ಷರ ಎರಡು ವರ್ಷದಲ್ಲಿ ಸವೆದುಹೋಯಿತು.

ಮೂರು ಬಾರಿ ಕಂಪ್ಯೂಟರನ್ನು ಕೆಡಿಸಿದಳು, ನಾಲ್ಕು ಬಾರಿ ಸರಿ ಮಾಡಿದಳು. ನಾಲ್ಕನೆಯದು ಪಕ್ಕದ ದರ್ಜಿಯದು.

ಮತ್ತೆ ಜನ ಮಹಡಿ ಹತ್ತತೊಡಗಿದರು. ಹೆಚ್ಚಿನವರು ವಯಸ್ಸಾದವರು: ಮುಖ್ಯೋಪಾಧ್ಯಾಯಿನಿಯರು, ಅಂಗಡಿಯವರು, ನಿವೃತ್ತ ಗುಮಾಸ್ತರು. ಅವರೆಲ್ಲರ ರೋಗ ಒಂದೇ, ಭಯ. ಮೌಸು ಹಿಡಿದರೆ ಹಾವು ಹಿಡಿದಂತೆ ಕೈ ನಡುಗುತ್ತಿತ್ತು. ಅವರಿಗೆಂದೇ ಅಚ್ಚಕ್ಕ ಒಂದು ಹಾಳೆಯ ಮೇಲೆ ಹನ್ನೆರಡು ಕಿವಿಮಾತುಗಳನ್ನು ಬರೆದಳು. ಮೇಲೆ ದಪ್ಪಕ್ಷರದಲ್ಲಿ ‘ಕಂಪ್ಯೂಟರಿನ ಆರೋಗ್ಯಕ್ಕೆ ಹನ್ನೆರಡು ಸೂತ್ರಗಳು’ ಎಂಬ ತಲೆಬರಹ. ಮಾಡಲು ಸುಲಭವಾದದ್ದು ಮೊದಲು, ಕಷ್ಟದ್ದು ಕೊನೆಗೆ. ಒಂದನೆಯದು ಧೂಳು ಒರೆಸುವುದು, ಎರಡನೆಯದು ಪ್ಯಾರಾ ಮುಗಿದಾಗಲೆಲ್ಲ ಉಳಿಸುವ ಕೀಲಿ ಒತ್ತುವುದು, ಹೀಗೆ. ಹಾಳೆಯ ಮೇಲೆ ಅವಳು ಹೆಸರು ಹಾಕಲಿಲ್ಲ, ತಾರೀಖೂ ಹಾಕಲಿಲ್ಲ. ಐವತ್ತು ಪ್ರತಿ ತೆಗೆದು ಹಂಚಿದಳು, ಮರೆತಳು. ಇದಾಗಿ ಒಂಬತ್ತು ವರ್ಷ ಕಳೆಯಿತು.

ಹಾಗಿರುವಾಗ ಒಂದು ಶುಕ್ರವಾರ ಬೆಳಿಗ್ಗೆ ಅಚ್ಚಕ್ಕ ನೀರಿನ ಕಚೇರಿಗೆ ಜಗಳಕ್ಕೆ ಹೊರಟಳು. ನಲ್ಲಿಯಲ್ಲಿ ಮೂರು ದಿನದಿಂದ ಒಂದು ತೊಟ್ಟು ನೀರಿರಲಿಲ್ಲ. ಅವಳ ಬೀದಿಗಷ್ಟೇ ಅಲ್ಲ, ಆಚೀಚಿನ ನಾಲ್ಕು ಬೀದಿಗೂ ಇಲ್ಲ. ಬೈಗುಳಗಳನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೇ ಹೋಗಿದ್ದಳು. ಆದರೆ ಕಚೇರಿಯ ಒಳಗೆ ಕಾಲಿಟ್ಟು ಗುಮಾಸ್ತೆಯ ಮೇಜಿನ ಮುಂದೆ ನಿಂತವಳಿಗೆ ಬಾಯಿ ತೆರೆಯಲಾಗಲಿಲ್ಲ.

ಕಂಪ್ಯೂಟರಿನ ಪಕ್ಕದ ಗೋಡೆಯ ಮೇಲೆ, ಪ್ಲಾಸ್ಟಿಕ್ ಹೊದಿಸಿಕೊಂಡು, ಅವಳ ಹಾಳೆ ನೇತಾಡುತ್ತಿತ್ತು.

ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸು. ಅಕ್ಷರಗಳು ದಪ್ಪಗಾಗಿ ಮೂತಿ ಊದಿಸಿಕೊಂಡಿದ್ದವು. ಅಂಚಿನಲ್ಲಿ ಯಾರದೋ ಹೆಬ್ಬೆರಳಿನ ಕಪ್ಪು ನೆರಳು ಕೂಡ ನಕಲಾಗಿ ಬಂದಿತ್ತು. ಆದರೂ ತಾಯಿಗೆ ಮಗುವಿನ ಗುರುತು ತಪ್ಪುತ್ತದೆಯೇ? ಪೂರ್ಣವಿರಾಮವಾದ ಮೇಲೆ ಎರಡು ಜಾಗ ಬಿಡುವ ಟೈಪಿಸ್ಟರ ಚಾಳಿ ಅವಳದ್ದೇ. ಒಂಬತ್ತನೇ ಸಾಲಿನಲ್ಲಿ ‘ವಿದ್ಯುತ್’ಗೆ ಒತ್ತು ತಪ್ಪಿದ್ದೂ ಅವಳದ್ದೇ.

“ಇದು ಎಲ್ಲಿ ಸಿಕ್ತಮ್ಮಾ ನಿಮಗೆ?” ಎಂದಳು ಅಚ್ಚಕ್ಕ. ಒಳಗೊಳಗೇ ಹಿಗ್ಗು ಉಕ್ಕಿ ಬರುತ್ತಿತ್ತು. ಜಗಳ ಮರೆತೇಹೋಗಿತ್ತು.

“ಅದಾ? ಎಲ್ಲ ಕಡೆ ಇದೆಯಲ್ಲ ಮೇಡಂ. ಜೆರಾಕ್ಸ್ ಅಂಗಡೀಲಿ ಕೊಡ್ತಾರೆ, ಸ್ಕೂಲಲ್ಲಿ ಅಂಟಿಸಿದ್ದಾರೆ. ಒಳ್ಳೇದು, ಉಪಯೋಗಕ್ಕೆ ಬರುತ್ತೆ.” ಗುಮಾಸ್ತೆ ಕಣ್ಣೆತ್ತದೆ ಟೈಪು ಮಾಡುತ್ತಲೇ ಮುಂದುವರಿದಳು, “ಆದ್ರೆ ಏಳನೇದು ಮಾತ್ರ ಮಾಡ್ಬೇಡಿ. ಅದರಿಂದಲೇ ಈಗ ನಿಮ್ಮನೇಲಿ ನೀರಿಲ್ಲ.”

ಅಚ್ಚಕ್ಕ ಮೇಜಿನ ಕಡೆ ಬಾಗಿದಳು. “ಏನಂದ್ರಿ?”

ಗುಮಾಸ್ತೆ ಈಗ ಮೇಲೆ ನೋಡಿದಳು. ಹೇಳಿಕೊಳ್ಳಲು ಒಬ್ಬರು ಸಿಕ್ಕಿದ್ದು ಅವಳಿಗೂ ಸಮಾಧಾನವೇ ಆಗಿರಬೇಕು.

“ನೋಡಿ, ನೆಲದೊಳಗಿನ ಪೈಪು ಎಲ್ಲಿ ಹೋಗುತ್ತೆ, ವಾಲ್ವ್ ಎಲ್ಲಿ ಹೂತಿದೆ ಅಂತ ಗೊತ್ತಿರೋದು ಒಬ್ಬರಿಗೇ. ನಮ್ಮ ಹಳೇ ನೀರುಗಂಟಿ. ರಿಟೈರ್ ಆಗಿ ಹದಿನಾರು ವರ್ಷ ಆಯ್ತು. ಆಫೀಸಿನ ನಕ್ಷೇಲಿ ಪೈಪೆಲ್ಲ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ನೆಲದೊಳಗೆ ಬಂಡೆ ಸಿಕ್ಕ ಕಡೆಯೆಲ್ಲ ಬಳಸಿಕೊಂಡು ಹೋಗಿದೆ. ಅದನ್ನೆಲ್ಲ ಅವರು ಮೂವತ್ತೈದು ವರ್ಷ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದರು. ಪುಸ್ತಕ ಹಿಡಿದರೆ ಪುಡಿಯಾಗೋ ಹಾಗಾಗಿತ್ತು, ಅದಕ್ಕೆ ಮೊಮ್ಮಗಳು ಪುಟಪುಟಾನೂ ಫೋಟೋ ತೆಗೆದು ಕಂಪ್ಯೂಟರ್‌ಗೆ ಹಾಕಿದ್ಲು. ನಮಗೂ ಒಂದು ಪ್ರತಿ ಕೊಡ್ತೀನಿ ಅಂದಿದ್ದರು. ಅಷ್ಟರಲ್ಲಿ ಈ ಏಳನೇದು ಮಾಡಿ ಅಷ್ಟೂ ಹೋಯ್ತು. ಈಗ ದೊಡ್ಡ ಪೈಪು ಒಡೆದಿದೆ. ನೀರು ನಿಲ್ಲಿಸೋ ವಾಲ್ವ್ ಎಲ್ಲಿದೆ ಅಂತ ಮೂರು ದಿನದಿಂದ ಬೀದಿ ಅಗೀತಿದಾರೆ.”

“ಪುಸ್ತಕಗಳು?”

“ಕಂಪ್ಯೂಟರಲ್ಲಿ ಇದೆಯಲ್ಲ ಅಂತ ರದ್ದಿಗೆ ಹಾಕಿಬಿಟ್ಟಿದ್ದರಂತೆ.”

ಅಚ್ಚಕ್ಕ ಗೋಡೆಯ ಹತ್ತಿರ ಸರಿದಳು. ಗೋಡೆಯ ಮೇಲಿನ ಏಳನೇ ಸಾಲನ್ನು ಓದಿದಳು. ಅವಳೇ ಬರೆದದ್ದು, ಆದರೂ ಯಾರೋ ಬರೆದದ್ದನ್ನು ಮೊದಲ ಸಲ ಓದುವಂತೆ ಓದಿದಳು. ‘ವಾರಕ್ಕೊಮ್ಮೆ ಶುಚಿ ಮಾಡುವ ತಂತ್ರಾಂಶ ತೆರೆಯಿರಿ. ಬರುವ ಪಟ್ಟಿಯಲ್ಲಿ ಎಲ್ಲ ಚೌಕಗಳಿಗೂ ಗುರುತು ಹಾಕಿ ಸರಿ ಎಂದು ಒತ್ತಿರಿ. ಅಂಜಬೇಡಿ, ಏನೂ ಆಗುವುದಿಲ್ಲ.’

ಅಂಜಬೇಡಿ. ಮೌಸು ಹಿಡಿಯಲು ನಡುಗುವವರಿಗೆ ಧೈರ್ಯ ಹೇಳಲೆಂದು ಬರೆದ ಮಾತು.

ಕಚೇರಿಯಿಂದ ಹೊರಬಂದವಳಿಗೆ ದಾರಿ ಹೇಗೆ ಸವೆಯಿತೋ ತಿಳಿಯಲಿಲ್ಲ. ಮಹಡಿಗೆ ಬಂದು ತನ್ನ ಹಳೇ ಕಂಪ್ಯೂಟರಿನಲ್ಲಿ ಆ ತಂತ್ರಾಂಶ ತೆರೆದಳು. ಪಟ್ಟಿಯಲ್ಲಿ ಎಂಟು ಚೌಕಗಳು, ಎಂಟೂ ಬರೀ ಕಸ. ಒಂಬತ್ತು ವರ್ಷದ ಹಿಂದೆ ಒಂದೊಂದನ್ನೂ ತಾನೇ ಪರೀಕ್ಷಿಸಿ ಬರೆದಿದ್ದಳು. ಹಾಗಾದರೆ ತಪ್ಪು ತನ್ನದಲ್ಲ! ಉಸಿರು ಬಿಟ್ಟಳು. ಆದರೆ ಆ ಉಸಿರು ಪೂರ್ತಿ ಹೊರಬರುವ ಮುಂಚೆಯೇ ಒಂದು ಯೋಚನೆ ಹೊಳೆಯಿತು. ಕೆಳಗಿಳಿದು ಕನ್ನಡಕದವನ ಹೊಸ ಕಂಪ್ಯೂಟರಿನಲ್ಲಿ ಅದನ್ನೇ ತೆರೆದಳು.

ಇಲ್ಲಿ ಹನ್ನೊಂದು ಚೌಕಗಳಿದ್ದವು. ಮೇಲಿನಿಂದ ಎರಡನೆಯದು ‘ಡೌನ್‌ಲೋಡ್ಸ್’.

ಹೊರಗಿನಿಂದ ಬಂದ ಚಿತ್ರ, ಕಾಗದ, ಪತ್ರ ಎಲ್ಲ ಬಂದು ಬೀಳುವ ಜಾಗ ಅದು. ಕಂಪ್ಯೂಟರ್ ಬಳಸುವವರಲ್ಲಿ ಅರ್ಧಕ್ಕರ್ಧ ಜನ ಬಂದದ್ದನ್ನು ಅಲ್ಲಿಂದ ಎತ್ತಿ ಬೇರೆಡೆ ಇಡುವುದೇ ಇಲ್ಲ. ನೀರುಗಂಟಿಯ ಪುಟಗಳೂ ಅಲ್ಲೇ ಇದ್ದಿರಬೇಕು. ಹೊಸ ಆವೃತ್ತಿ ಮಾಡಿದವರು ಆ ಜಾಗವನ್ನೂ ಕಸದ ಪಟ್ಟಿಗೆ ಸೇರಿಸಿದ್ದರು. ಈ ದಾರಿಯಲ್ಲಿ ಅಳಿಸಿದ್ದು ಕಸದ ಬುಟ್ಟಿಗೂ ಹೋಗುವುದಿಲ್ಲ, ನೇರ ಮಾಯ. ಅಚ್ಚಕ್ಕ ಬರೆದದ್ದು ಬರೆದ ದಿನ ಸತ್ಯವೇ ಆಗಿತ್ತು. ಮುಂದೆ ಅವಳು ತನ್ನ ಪಾಡಿಗೆ ಅಡಿಗೆ ಮಾಡುತ್ತಾ, ಪಾಠ ಹೇಳುತ್ತಾ, ನಿದ್ದೆ ಮಾಡುತ್ತಾ ಇದ್ದ ಯಾವುದೋ ಒಂದು ದಿನ ಅದು ಸುಳ್ಳಾಗಿತ್ತು. ಅವಳಿಗೆ ಯಾರೂ ಹೇಳಿರಲಿಲ್ಲ.

“ಏನಮ್ಮಾ, ಮುಖ ಯಾಕೆ ಹಾಗೆ ಬಿಳಿಚಿಕೊಂಡಿದೆ? ಕಣ್ಣು ಪರೀಕ್ಷೆ ಮಾಡಲಾ?” ಎಂದ ಕನ್ನಡಕದವನು.

ಮಧ್ಯಾಹ್ನದ ಊಟಕ್ಕೆ ಕೂತಾಗ ಗಂಡನಿಗೆ ಎಲ್ಲವನ್ನೂ ಹೇಳಿದಳು. ಗಂಡ ನಿವೃತ್ತ ಮೀಟರ್ ರೀಡರ್, ಊರಿನ ಎಲ್ಲ ಮನೆಗಳ ಹಿತ್ತಲನ್ನೂ ನಾಯಿಗಳನ್ನೂ ಬಲ್ಲವನು. ಅವನು ತುತ್ತು ನುಂಗಿ ಕೇಳಿದ, “ಹಾಳೆ ಮೇಲೆ ನಿನ್ನ ಹೆಸರಿದೆಯಾ?”

“ಇಲ್ಲ.”

“ಮತ್ತೆ? ಯಾರು ಬರೆದರು ಅಂತ ಯಾರಿಗೂ ಗೊತ್ತಿಲ್ಲ. ಇಲ್ಲದ ಇರುವೆ ಮೈಮೇಲೆ ಬಿಟ್ಕೊಳ್ಳೋದು ಯಾಕೆ? ಸುಮ್ನಿರು.”

“ರೀ, ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ. ಅವರ ಮೂವತ್ತೈದು ವರುಷಕ್ಕೆ ನಾನು ದೊಣ್ಣೆ ಆದೆ. ದೊಣ್ಣೆಗೆ ಹೆಸರಿಲ್ಲ ಅಂತ ಸುಮ್ಮನಿರಲಾ?”

ಗಂಡ ತಟ್ಟೆ ಪಕ್ಕಕ್ಕೆ ಸರಿಸಿ, “ನೀರುಗಂಟಿ ಮನೆ ನಂಗೊತ್ತು. ಮಾರ್ಕೆಟ್ಟಿನ ಹಿಂದಿನ ಗಲ್ಲಿ, ಹಸಿರು ಬಾಗಿಲು. ನಾಯಿ ಕಚ್ಚಲ್ಲ, ಸೊಸೆ ಮಾತ್ರ ಸ್ವಲ್ಪ ಖಾರ,” ಎಂದ.

ನೀರುಗಂಟಿಯ ಮನೆಯಲ್ಲಿ ಮುಂದಿನ ಕೋಣೆಯ ತುಂಬ ಒಂದು ಮಂಚ, ಒಂದು ಮೇಜು. ಮೇಜಿನ ಮೇಲೆ ಕಂಪ್ಯೂಟರು. ಅದಕ್ಕೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದಿಸಿದ್ದರು. ಅಚ್ಚಕ್ಕನಿಗೆ ಅದನ್ನು ನೋಡುವುದೇ ಕಷ್ಟವಾಯಿತು. ಮುದುಕನಿಗೆ ಎಪ್ಪತ್ತಾರು ವರ್ಷ, ಉದ್ದ ತೋಳು, ಅಂಗೈಯಲ್ಲಿ ವಾಲ್ವಿನ ಕಬ್ಬಿಣದ ಕೀಲಿ ತಿರುಗಿಸಿ ತಿರುಗಿಸಿ ಗಟ್ಟಿಯಾದ ಗಂಟುಗಳು. ಬಂದವಳು ಕಂಪ್ಯೂಟರ್ ಟೀಚರು ಎಂದು ಕೇಳಿ ಕುರ್ಚಿ ಎಳೆದು ಹಾಕಿದ.

“ಬನ್ನಿ ತಾಯಿ. ಎಲ್ಲ ಹೋಯ್ತು ನೋಡಿ. ತಪ್ಪು ನಂದೇ. ಆ ಹಾಳೆ ಒಳ್ಳೇದೇ. ಬರೆದವರು ಯಾರೋ ತಿಳಿದೋರು. ಆರು ಸೂತ್ರ ಮಾಡಿದೆ, ಆರೂ ಸರಿಯಾಗೇ ಕೆಲಸ ಮಾಡಿದವು. ಏಳನೇದನ್ನ ನಾನೇ ಏನೋ ಎಡವಟ್ಟು ಮಾಡಿರಬೇಕು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಮಾತನ್ನು ಅಚ್ಚಕ್ಕನಿಗೆ ತಡೆದುಕೊಳ್ಳಲಾಗಲಿಲ್ಲ.

“ಎಡವಟ್ಟು ಮಾಡಿದ್ದು ನೀವಲ್ಲ ಯಜಮಾನ್ರೇ. ಆ ಹಾಳೆ ಬರೆದೋಳು ನಾನು.”

ಬಾಗಿಲ ಬಳಿ ನಿಂತಿದ್ದ ಸೊಸೆ ಕೈಯಲ್ಲಿದ್ದ ಚಹದ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದಳು.

“ನೀವಾ? ಮೂರು ದಿನ ಮಾವ ಅನ್ನ ಮುಟ್ಟಲಿಲ್ಲ, ಗೊತ್ತಾ ನಿಮಗೆ? ನನ್ನ ಮಗಳು ಈ ಮನೇಲಿ ಕಂಪ್ಯೂಟರ್ ಅಂತ ಹೆಸರೆತ್ತೋದೇ ಬಿಟ್ಟಿದ್ದಾಳೆ. ಬರೆಯೋರು ಬರೆದು ಕೂತ್ಕೋತೀರಿ. ಅನುಭವಿಸೋರು ಯಾರು?”

“ಬಿಡಮ್ಮಾ,” ಎಂದು ಮುದುಕ ಎದ್ದು ಒಳಗೆ ಹೋದ. ಬಂದಾಗ ಕೈಯಲ್ಲಿ ಆ ಹಾಳೆಯಿತ್ತು. ಒಂದರಿಂದ ಏಳರವರೆಗೆ ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ಗುರುತು, ತಾರೀಖು. ಎಲ್ಲವೂ ಭಾನುವಾರಗಳು. ಕೆಲಸ ಕಲಿಯುವ ಹುರುಪಿನಲ್ಲಿ ವಾರಕ್ಕೆ ಒಂದು ಸೂತ್ರದಂತೆ, ಸಾಲಾಗಿ, ಒಂದನ್ನೂ ಬಿಡದೆ ಮಾಡಿಕೊಂಡು ಬಂದಿದ್ದ. ಅಚ್ಚಕ್ಕನ ಕಣ್ಣು ತಾನಾಗಿಯೇ ಕೆಳಗೆ ಜಾರಿತು. ಹನ್ನೊಂದನೇ ಸೂತ್ರ: ‘ಬೆಲೆಯುಳ್ಳ ಎಲ್ಲ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಡಿ.’

“ಹನ್ನೊಂದನೇದೂ ಓದಿದ್ದೆ. ಅದಕ್ಕೆ ಇನ್ನೂ ನಾಲ್ಕು ವಾರ ಇತ್ತಲ್ಲ,” ಎಂದ ಮುದುಕ.

ಅಚ್ಚಕ್ಕನಿಗೆ ಅಂದು ಬಿದ್ದ ಪೆಟ್ಟುಗಳಲ್ಲಿ ಇದೇ ದೊಡ್ಡದು. ಆ ಚೌಕವನ್ನು ಸೇರಿಸಿದವರು ಬೇರೆ ಯಾರೋ. ಸಾಲು ಜೋಡಿಸಿದವಳು ಮಾತ್ರ ಅವಳೇ. ಪ್ರತಿ ತೆಗೆಯುವುದು ಹೊಸಬರಿಗೆ ಕಷ್ಟ, ಕೊನೆಗಿರಲಿ ಎಂದು ಆ ದಿನ ಹಾಯಾಗಿ ಯೋಚಿಸಿ ಕೆಳಗೆ ತಳ್ಳಿದ್ದಳು.

“ತಪ್ಪಾಯ್ತು ಯಜಮಾನ್ರೇ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ.”

“ಕ್ಷಮಿಸೋದು ಬಿಡೋದು ಆಮೇಲೆ ತಾಯಿ. ಅದು ವಾಪಸ್ ಬರುತ್ತೋ ಇಲ್ಲವೋ, ಅದು ಹೇಳಿ.”

ಆ ಒಂದು ಪ್ರಶ್ನೆ ಅವಳ ಒಳಗಿನ ಟೀಚರನ್ನು ಎಬ್ಬಿಸಿತು. “ಅವತ್ತಿನಿಂದ ಇದನ್ನ ಎಷ್ಟು ಸಲ ಹಚ್ಚಿದ್ದೀರಿ?”

“ಒಂದ್ಸಲಾನೂ ಇಲ್ಲ. ಅವತ್ತು ಮೊಮ್ಮಗಳು ಅಳೋಕೆ ಶುರು ಮಾಡಿದ್ಲು. ನಾನು ಸಿಟ್ಟಲ್ಲಿ ಪ್ಲಗ್ ಕಿತ್ತು ಬಟ್ಟೆ ಮುಚ್ಚಿದೆ. ಇವತ್ತಿಗೆ ಹನ್ನೆರಡು ದಿನ.”

ಅಚ್ಚಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. ಸಿಟ್ಟಿನಿಂದಲೂ ಇಂಥ ಒಳ್ಳೇ ಕೆಲಸ ಆದೀತೆಂದು ಅವಳಿಗೆ ಗೊತ್ತಿರಲಿಲ್ಲ. ಅಳಿಸಿದ ಕಡತ ಆ ಕ್ಷಣವೇ ಸಾಯುವುದಿಲ್ಲ, ಅದರ ಜಾಗದ ಮೇಲೆ ಬೇರೇನಾದರೂ ಬರೆದರೆ ಮಾತ್ರ ಸಾಯುತ್ತದೆ ಎಂದು ತೂಕಕ್ಕೆ ತಂದ ಮಾಸಪತ್ರಿಕೆಯೊಂದರಲ್ಲಿ ಓದಿದ್ದಳು. ಹನ್ನೆರಡು ದಿನ ಅದರ ಮೇಲೆ ಒಂದಕ್ಷರವೂ ಬಿದ್ದಿರಲಿಲ್ಲ. ಡಬ್ಬಿ ತೆರೆದು ನೋಡಿದಳು. ಹಳೇ ಕಾಲದ ತಿರುಗುವ ಡಿಸ್ಕು. ಹೊಸ ಮಾದರಿಯದಾಗಿದ್ದರೆ ಅಳಿಸಿದ ಕೂಡಲೇ ತನ್ನಷ್ಟಕ್ಕೆ ಗುಡಿಸಿ ಸಾರಿಸಿಬಿಡುತ್ತಿತ್ತು.

“ಪೂರ್ತಿ ಬರುತ್ತೆ ಅನ್ನಲ್ಲ. ಬರಲ್ಲ ಅಂತಾನೂ ಅನ್ನಲ್ಲ. ಈ ಡಿಸ್ಕನ್ನ ನನ್ನ ಕೈಲಿ ಕೊಡ್ತೀರಾ?”

ಸೊಸೆ ಮುದುಕನ ಮುಖ ನೋಡಿದಳು. ಮುದುಕ, “ಕೊಡ್ತೀನಿ, ಆದ್ರೆ ನಾನೂ ಜೊತೆಗೆ ಬರ್ತೀನಿ,” ಎಂದು ಚಪ್ಪಲಿ ಮೆಟ್ಟಿದ.

ಮಹಡಿಯ ಮೇಲೆ ಅಚ್ಚಕ್ಕ ಆ ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಎರಡನೆಯದಾಗಿ ಜೋಡಿಸಿದಳು. ಅದರ ಮೇಲೆ ಏನನ್ನೂ ಬರೆಯದಂತೆ, ಬರೀ ಓದುವಂತೆ ಮಾಡಿ, ಮರಳಿ ಹುಡುಕುವ ತಂತ್ರಾಂಶವನ್ನು ಹಚ್ಚಿದಳು. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇರುವೆಯ ಹಾಗೆ ತೆವಳತೊಡಗಿತು. ಸಿಕ್ಕಿದ್ದನ್ನೆಲ್ಲ ಬೇರೆ ಡಿಸ್ಕಿಗೆ ತುಂಬಿಸಿಕೊಳ್ಳುತ್ತಿತ್ತು. ಮುದುಕ ಬೆಂಚಿನ ಮೇಲೆ ನೆಟ್ಟಗೆ ಕುಳಿತು, ಆಸ್ಪತ್ರೆಯಲ್ಲಿ ಕಾಯುವವರಂತೆ ಕಾದ. ಎರಡು ಗಂಟೆ ಕಳೆದ ಮೇಲೆ ಮೊದಲ ಚಿತ್ರ ತೆರೆದುಕೊಂಡಿತು: ಕಂದು ಕಾಗದ, ನೀಲಿ ಶಾಯಿ, ಒಂದು ವಕ್ರಗೆರೆ, ಪಕ್ಕದಲ್ಲಿ ‘ಬಂಡೆ, ಎಡಕ್ಕೆ ಬಳಸಿದೆ’.

ಮುದುಕ ಬೆಂಚಿನಿಂದ ಎದ್ದು ಬಂದ. ಬೆರಳಿನಿಂದ ಪರದೆಯನ್ನು ಮುಟ್ಟಿ ನೋಡಿದ.

ಸಂಜೆ ಐದರ ಹೊತ್ತಿಗೆ ನಾನೂರ ಹದಿನಾರು ಪುಟಗಳು ಸಿಕ್ಕಿದ್ದವು. ಹೆಸರುಗಳೆಲ್ಲ ಅಳಿದು ಬರೀ ಅಂಕಿಗಳು ಉಳಿದಿದ್ದವು, ಅನುಕ್ರಮ ಚೆಲ್ಲಾಪಿಲ್ಲಿ. ಮುನ್ನೂರು ಪುಟಗಳಷ್ಟು ಸರಿಯಾಗಿದ್ದವು. ಡಿಸ್ಕಿನಲ್ಲಿ ಚೂರುಚೂರಾಗಿ ಚದುರಿದ್ದ ಮಿಕ್ಕವು ಮೇಲರ್ಧ ಅಥವಾ ಕಾಲುಭಾಗ ಕಾಣಿಸಿ, ಅದರ ಕೆಳಗೆ ಗೋಡೆಗೆ ಸುಣ್ಣ ಬಳಿದಂತೆ ಬೂದುಬಣ್ಣ. ಒಡೆದ ದೊಡ್ಡ ಪೈಪಿನ ಪುಟ ಯಾವುದೆಂದು ಮುದುಕ ಒಂದೊಂದನ್ನೇ ನೋಡುತ್ತ ಹೋದ. ಸಿಕ್ಕಿತು. ಮೇಲೆ ಮೂರು ಸಾಲು, ಕೆಳಗೆ ಬೂದಿ.

“‘ಮಾರ್ಕೆಟ್ಟಿನ ಕಮಾನಿನಿಂದ ಇಪ್ಪತ್ತೆರಡು ಹೆಜ್ಜೆ,’” ಎಂದು ಓದಿ ಅಚ್ಚಕ್ಕ ನಿಂತಳು. “ಎಡಕ್ಕೋ ಬಲಕ್ಕೋ ಇಲ್ಲ ಯಜಮಾನ್ರೇ. ಅಲ್ಲಿಗೇ ಹೋಗಿಬಿಟ್ಟಿದೆ.” ಬೇಕಾದ ಪುಟವೇ ಹೀಗಾಗಬೇಕೇ?

“ಇಪ್ಪತ್ತೆರಡು! ನಾನು ಮೂವತ್ತು ಅಂತ ಹೇಳಿ ಅವರ ಕೈಲಿ ಮೂರು ದಿನ ಅಗೆಸ್ತಿದ್ದೀನಿ!” ಎಂದು ಮುದುಕ ಹಣೆ ಬಡಿದುಕೊಂಡ. “ನಡೀರಿ ತಾಯಿ. ನಡೀರಿ, ನಡೀರಿ.”

ಬೀದಿಯಲ್ಲಿ ಕಚೇರಿಯ ಆಳುಗಳು ಗುಂಡಿಯ ಪಕ್ಕ ಸುಸ್ತಾಗಿ ಕೂತಿದ್ದರು. ಮುದುಕ ಕಮಾನಿನ ಕಂಬಕ್ಕೆ ಹಿಮ್ಮಡಿ ಆನಿಸಿ, ಗಟ್ಟಿಯಾಗಿ ಎಣಿಸುತ್ತ ಇಪ್ಪತ್ತೆರಡು ಹೆಜ್ಜೆ ನಡೆದು ನಿಂತ. ಒಂದು ಕಬ್ಬಿಣದ ಸರಳನ್ನು ಇಸಿದುಕೊಂಡು ನೆಲಕ್ಕೂರಿ, ಅದರ ತುದಿಗೆ ಕಿವಿ ಹಚ್ಚಿ ನೀರಿನ ಸದ್ದು ಆಲಿಸಿದ. ಎಡಕ್ಕೆ ಸರಿದ, ಮತ್ತೆ ಕಿವಿ ಹಚ್ಚಿದ. ಆಮೇಲೆ ಬಲಕ್ಕೆ. ಮೊದಲ ಗುಂಡಿಯಲ್ಲಿ ಬರೀ ಕಲ್ಲು ಸಿಕ್ಕಿತು. ಎರಡನೆಯದರಲ್ಲಿ ಗುದ್ದಲಿ ‘ಠಣ್’ ಎಂದಿತು. ಆಳೊಬ್ಬ, “ತಾತಾ, ಸಿಕ್ತು!” ಎಂದು ಕೂಗಿಕೊಂಡ. ಮುದುಕನೇ ಕೆಳಗಿಳಿದು ಕೀಲಿ ಹಾಕಿ ವಾಲ್ವ್ ತಿರುಗಿಸಿದ. ಬೀದಿಯ ತುದಿಯಲ್ಲಿ ಮೂರು ದಿನದಿಂದ ಉಕ್ಕುತ್ತಿದ್ದ ನೀರು ಮೆಲ್ಲಗೆ ತಗ್ಗಿತು. ಇನ್ನು ಒಡೆದ ಪೈಪನ್ನು ಸರಿಮಾಡಬಹುದಿತ್ತು.

ಜನ ಮುದುಕನನ್ನು ಮುತ್ತಿಕೊಂಡರು. ಅಚ್ಚಕ್ಕನಿಗೆ ಮಾತ್ರ ಆ ಸಂತೋಷದ ಮಧ್ಯೆಯೇ ಗುಮಾಸ್ತೆಯ ಮಾತು ನೆನಪಾಯಿತು. ಎಲ್ಲ ಕಡೆ ಇದೆಯಲ್ಲ ಮೇಡಂ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಜೆರಾಕ್ಸ್ ಅಂಗಡಿಯ ಮುಂದೆ ನಿಂತಿದ್ದಳು.

“ಆ ಸೂತ್ರದ ಹಾಳೇನಾ? ನಮ್ಮ ಅಂಗಡಿಗೆ ಯಾರು ಬಂದರೂ ಒಂದು ಫ್ರೀಯಾಗಿ ಕೊಡ್ತೀನಿ ಟೀಚರ್. ಜನಸೇವೆ,” ಎಂದ ಅಂಗಡಿಯವನು ಹೆಮ್ಮೆಯಿಂದ. “ಐದಾರು ವರ್ಷದಿಂದ ಕೊಡ್ತಿದ್ದೀನಿ.”

“ಐದಾರು ವರ್ಷದಿಂದ! ಎಷ್ಟು ಕೊಟ್ಟಿರಬಹುದು?”

“ಲೆಕ್ಕ ಇಟ್ಟವರಾರು? ಸ್ಕೂಲಿನೋರು ಒಯ್ದಿದ್ದಾರೆ, ವಕೀಲರು ಒಯ್ದಿದ್ದಾರೆ. ಮೊನ್ನೆ ದೊಡ್ಡಾಸ್ಪತ್ರೆ ಎಕ್ಸ್‌ರೇ ರೂಮಿನೋರು ಬಂದಿದ್ದರು. ಹೊಸಾ ಕಂಪ್ಯೂಟರ್ ಬಂದಿದೆ, ಜೋಪಾನ ಮಾಡ್ಬೇಕು ಅಂತ ಒಯ್ದರು.”

ಹೊಸಾ ಕಂಪ್ಯೂಟರ್. ಅಚ್ಚಕ್ಕನಿಗೆ ಮುಂದಿನದು ಕೇಳಿಸಲಿಲ್ಲ. ಐವತ್ತೆಂಟನೇ ವಯಸ್ಸಿನಲ್ಲಿ, ಮಂಡಿನೋವಿನ ಕಾಲಲ್ಲಿ, ಅವಳು ನಡೆದದ್ದು ನಡಿಗೆಯಲ್ಲ, ಓಟ.

ಎಕ್ಸ್‌ರೇ ಕೋಣೆಯ ಹೊರಗೆ ಕೈ ಮುರಿದವರು, ಕಾಲು ಉಳುಕಿದವರು ಬೆಂಚಿನ ಮೇಲೆ ಕೂತಿದ್ದರು. ಬಾಗಿಲು ತಳ್ಳಿ ಒಳನುಗ್ಗಿದಳು. ಗೋಡೆಯ ಮೇಲೆ, ನಾಲ್ಕು ಮೂಲೆಗೂ ಟೇಪು ಹಚ್ಚಿಸಿಕೊಂಡು, ಅವಳ ಹಾಳೆ. ಕೆಳಗೆ ಹೊಚ್ಚಹೊಸ ಕಂಪ್ಯೂಟರ್. ಅದರ ಮುಂದೆ ಕೂತಿದ್ದ ಎಕ್ಸ್‌ರೇಯವಳು ಹಾಳೆಯತ್ತ ಕತ್ತೆತ್ತಿ ನೋಡುತ್ತ ಮೌಸು ಆಡಿಸುತ್ತಿದ್ದಳು. ಪರದೆಯ ಮೇಲೆ ಚೌಕಗಳ ಪಟ್ಟಿ, ಎಲ್ಲಕ್ಕೂ ಗುರುತು.

“ಒತ್ತಬೇಡಿ!”

ಆ ಕಿರುಚಾಟಕ್ಕೆ ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರು. ಎಕ್ಸ್‌ರೇಯವಳ ಕೈ ಮೌಸಿನಿಂದ ಹಾರಿತು. ಅಚ್ಚಕ್ಕ ಗೋಡೆಯ ಮೇಲಿನ ಹಾಳೆಯನ್ನು ಕಿತ್ತು, ಹರಿದು, ಮುಷ್ಟಿಯಲ್ಲಿ ಮುದುರಿದಳು. ಗೋಡೆಯ ಬಣ್ಣವೂ ಒಂದಿಷ್ಟು ಕಿತ್ತುಬಂತು.

“ಏನಮ್ಮಾ ಇದು! ಹುಚ್ಚಾ ನಿಮಗೆ? ಯಾರು ನೀವು?”

“ಇದನ್ನ ಬರೆದೋಳು,” ಎಂದಳು ಅಚ್ಚಕ್ಕ ಏದುಸಿರು ಬಿಡುತ್ತ. “ಆ ಎರಡನೇ ಚೌಕದ ಗುರುತು ಮೊದಲು ತೆಗೀರಿ. ತೆಗೆದ್ರಾ? ಈಗ ಹೇಳಿ, ಡೌನ್‌ಲೋಡ್ಸ್‌ನಲ್ಲಿ ಏನಿದೆ?”

ಎಕ್ಸ್‌ರೇಯವಳು ತೆರೆದು ನೋಡಿದಳು. ಬೇರೆ ಬೇರೆ ಊರಿನ ಆಸ್ಪತ್ರೆಗಳಿಂದ ಬಂದ ರೋಗಿಗಳ ಚಿತ್ರಗಳು. ಎದೆಗೂಡುಗಳು, ತಲೆಬುರುಡೆಗಳು, ಬೆನ್ನೆಲುಬುಗಳು, ಪುಟದ ಮೇಲೆ ಪುಟ. ಅವಳು ಪರದೆಯನ್ನೂ ಅಚ್ಚಕ್ಕನನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಸುಮ್ಮನೆ ತನ್ನ ಕುರ್ಚಿ ಬಿಟ್ಟು, ಅಚ್ಚಕ್ಕನನ್ನು ಅದರಲ್ಲಿ ಕೂರಿಸಿ, ಕುಡಿಯಲು ನೀರು ತಂದುಕೊಟ್ಟಳು.

ಅಂದೇ ಅಚ್ಚಕ್ಕ ಹೊಸ ಹಾಳೆ ಬರೆದಳು. ಇನ್ನೊಂದು ಪ್ರತಿ ಇಡುವ ಮಾತು ಮೇಲೆ ಬಂತು. ಚೌಕಗಳ ಮಾತು ಬದಲಾಯಿತು: ‘ಒಂದೊಂದರ ಹೆಸರನ್ನೂ ಓದಿರಿ. ಅರ್ಥವಾಗದಿದ್ದರೆ ಮುಟ್ಟಬೇಡಿ.’ ಹಾಳೆಯ ನೆತ್ತಿಯ ಮೇಲೆ ತಾರೀಖು, ಅದರ ಕೆಳಗೆ ‘ಒಂದು ವರ್ಷ ಕಳೆದ ಮೇಲೆ ಇದನ್ನು ನಂಬಬೇಡಿ, ಹರಿದುಹಾಕಿ’ ಎಂಬ ಸಾಲು. ಅಡಿಯಲ್ಲಿ ಅವಳ ಹೆಸರು, ಫೋನ್ ನಂಬರು. ಗಂಡ ಅದನ್ನು ಓದಿ, “ಔಷಧದ ಬಾಟಲಿ ಆಯ್ತಲ್ಲೇ ಇದು,” ಎಂದು ನಕ್ಕ. ನಕ್ಕವನೇ ಹಳೇ ಸೈಕಲ್ ಹೊರಗೆ ತೆಗೆದ. ಮೀಟರ್ ಓದಿದ ಕಾಲದಲ್ಲಿ ತುಳಿದ ಬೀದಿಗಳನ್ನೇ ಮತ್ತೆ ತುಳಿದು, ಶಾಲೆ, ಕಚೇರಿ, ಅಂಗಡಿಗಳಿಂದ ಹಳೇ ಹಾಳೆ ಕಿತ್ತು ಹೊಸದನ್ನು ಅಂಟಿಸಿ ಬಂದ. ಎರಡು ತಿಂಗಳಲ್ಲಿ ಇನ್ನೂರ ಮೂವತ್ತು ಹಾಳೆ ವಾಪಸು ಬಂದವು. ಆ ಇನ್ನೂರ ಮೂವತ್ತರಲ್ಲಿ ಹದಿನಾಲ್ಕು ಕಡೆ ಏಳನೆಯದನ್ನು ಆಗಲೇ ಮಾಡಿ ಮುಗಿಸಿದ್ದರು. ಹದಿನಾಲ್ಕೂ ಕಡೆಗೆ ಅಚ್ಚಕ್ಕ ಸ್ವತಃ ಹೋದಳು. ಆರು ಕಡೆ ಏನಾದರೂ ಮರಳಿ ಸಿಕ್ಕಿತು. ಎಂಟು ಕಡೆ ಸಿಗಲಿಲ್ಲ. ಅವರಲ್ಲೊಬ್ಬ ಸಂಗೀತದ ಮೇಷ್ಟರು ಬಾಗಿಲು ಹಾಕಿಕೊಂಡರು. ಆ ಮುಚ್ಚಿದ ಬಾಗಿಲಿನ ಮುಂದೆ ಅವಳು ಬಹಳ ಹೊತ್ತು ನಿಂತಿದ್ದಳು.

ನೀರುಗಂಟಿ ವಾರಕ್ಕೆ ಮೂರು ದಿನ ಮಹಡಿ ಹತ್ತಿ ಬರುತ್ತಿದ್ದ. ಬೂದು ಬಡಿದ ಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದು ಜಾಗಕ್ಕೂ ಹೋಗಿ, ಕಾಲಿಗೆ ನೆನಪಿದ್ದನ್ನು ನಡೆದು ನೋಡಿ ಹೇಳುತ್ತಿದ್ದ, ಅಚ್ಚಕ್ಕ ಟೈಪು ಮಾಡುತ್ತಿದ್ದಳು. ಮೊಮ್ಮಗಳು ಮೊದಲು ಬಾಗಿಲಲ್ಲಿ ನಿಂತು ನೋಡಿದಳು, ಆಮೇಲೆ ಪಕ್ಕದಲ್ಲಿ ಕೂತಳು. ನಲವತ್ತು ಪುಟ ಏನು ಮಾಡಿದರೂ ತುಂಬಲಿಲ್ಲ. ಮಿಕ್ಕದ್ದರ ಮೂರು ಪ್ರತಿ ಮಾಡಿ ಒಂದನ್ನು ನೀರಿನ ಕಚೇರಿಗೆ, ಒಂದನ್ನು ಗ್ರಂಥಾಲಯಕ್ಕೆ ಕೊಟ್ಟರು, ಇನ್ನೊಂದು ಸೊಸೆಯ ಕಬ್ಬಿಣದ ಪೆಟ್ಟಿಗೆ ಸೇರಿತು. ಕ್ಷಮಿಸಿದ್ದೇನೆ ಎಂದು ಮುದುಕ ಬಾಯಿಬಿಟ್ಟು ಎಂದೂ ಹೇಳಲಿಲ್ಲ, ಅಚ್ಚಕ್ಕನೂ ಕೇಳಲಿಲ್ಲ. ಸೊಸೆ ಮಾತ್ರ ಒಂದು ದಿನ, “ಟೀಚರ್‌ಗೆ ಸಕ್ಕರೆ ಕಡಿಮೆ ಅಲ್ವಾ?” ಎಂದು ಕೇಳಿ ಚಹ ಕೊಟ್ಟಳು.

ಇನ್ನು ಎಲ್ಲ ಮುಗಿಯಿತು, ಊರಲ್ಲಿ ಹಳೇ ಹಾಳೆ ಒಂದೂ ಇಲ್ಲ ಎಂದು ಅಚ್ಚಕ್ಕ ನಿರಾಳವಾಗಿ ಕೂತಿದ್ದ ಒಂದು ಬೆಳಿಗ್ಗೆ ಫೋನ್ ಬಡಿದುಕೊಂಡಿತು. ಆ ಕಡೆ ಯಾರೋ ಗಂಡಸು, ಅವಳು ಎಂದೂ ಕಾಲಿಡದ ಬೇರೆ ಊರಿನವನು.

“ನಮಸ್ಕಾರ, ಕಂಪ್ಯೂಟರ್ ಸೂತ್ರ ಬರೆದ ಮೇಡಮ್ಮಾ? ನೆಂಟರ ಮನೇಲಿ ನಿಮ್ಮ ಹೊಸಾ ಹಾಳೆ ನೋಡಿದೆ, ನಂಬರ್ ಸಿಕ್ತು. ಒಂದು ಅನುಮಾನ. ಅದರಲ್ಲಿ ಹನ್ನೆರಡೇ ಇವೆ. ನಮ್ಮನೇಲಿರೋ ಹಳೇ ಹಾಳೇಲಿ ಹದಿಮೂರು ಇವೆಯಲ್ಲ?”

“ಹದಿಮೂರಾ?” ಅಚ್ಚಕ್ಕ ಎದ್ದು ನಿಂತಳು. “ಹದಿಮೂರನೇದು ನಾನು ಬರೆದೇ ಇಲ್ಲ! ಏನಿದೆ ಅದರಲ್ಲಿ, ಓದಿ.”

“‘ಡಿಸ್ಕ್ ಬಹಳ ಬಿಸಿಯಾಗುತ್ತಿದ್ದರೆ ಅದನ್ನು ಬಿಚ್ಚಿ ಒಂದು ಗಂಟೆ ಫ್ರಿಜ್‌ನಲ್ಲಿ ಇಡಿರಿ.’”

“ಅಯ್ಯೋ ದೇವರೇ! ನೀವು ಇಟ್ಟಿದ್ದೀರಾ?”

“ಈಗಷ್ಟೇ ಇಟ್ಟೆ. ಹಾಲಿನ ಪಕ್ಕದಲ್ಲಿ.”

“ಹೊರಗೆ ತೆಗೀರಿ! ತೆಗೆದು ಒಣಬಟ್ಟೇಲಿ ಸುತ್ತಿ ಇಡಿ. ಬೆವರೆಲ್ಲ ಆರೋವರೆಗೂ ಹಚ್ಚಬೇಡಿ. ಯಾರೇ ಹೇಳಿದರೂ ಹಚ್ಚಬೇಡಿ. ನಿಮ್ಮೂರಿಗೆ ಬಸ್ಸು ಎಷ್ಟೊತ್ತಿಗಿದೆ?” ಎಂದು ಕೇಳುತ್ತ ಅಚ್ಚಕ್ಕ ವಿಳಾಸ ಬರೆದುಕೊಳ್ಳಲು ಪೆನ್ಸಿಲ್ ಹುಡುಕತೊಡಗಿದಳು.